ಕೀಲಿ ಯಾರ ಕೈಗೆ? ವರ್ಲಿ ಚಾಳಿನಿಂದ ಬುಡಾಪೆಸ್ಟ್‌ವರೆಗೆ ಬಾಡಿಗೆ ಮನೆಯ ಕತೆ

ಈ ವಾರದ ವಿಡಿಯೋದ ಬರಹ ರೂಪ ಇದು. ಮಾತಾಡುವಾಗ ಓಡಿಸಿಕೊಂಡು ಹೋದ ಒಂದೆರಡು ವಿಷಯಗಳನ್ನ ಇಲ್ಲಿ ಸ್ವಲ್ಪ ನಿಧಾನವಾಗಿ ಬರೆದಿದ್ದೀನಿ.

ಒಂದು ಸಣ್ಣ ಕೆಲಸ ಮಾಡಿ. ನೀವು ಮುಂಬೈ, ಠಾಣೆ, ನವಿ ಮುಂಬೈ, ಪುಣೆ ಎಲ್ಲಾದರೂ ಬಾಡಿಗೆ ಮನೆಯಲ್ಲಿದ್ದರೆ ಅಗ್ರಿಮೆಂಟ್ ತೆಗೆದು ಮೊದಲ ಪುಟ ನೋಡಿ. ಬಹುತೇಕ ಅಲ್ಲಿ ಮನೆ ಕೊಟ್ಟವರನ್ನ ‘ಲೈಸೆನ್ಸರ್’ ಅಂತಲೂ ನಿಮ್ಮನ್ನ ‘ಲೈಸೆನ್ಸಿ’ ಅಂತಲೂ ಬರೆದಿರುತ್ತೆ. ‘ಟೆನೆಂಟ್’ ಅನ್ನೋ ಪದ ಹುಡುಕಿದರೂ ಸಿಗಲ್ಲ. ಅಗ್ರಿಮೆಂಟಿನ ಹೆಸರೇ ‘ಲೀವ್ ಅಂಡ್ ಲೈಸೆನ್ಸ್’. ಐರೋಲಿಯಲ್ಲಿ ನಾನಿರೋ ಮನೆಯದ್ದೂ ಹಾಗೇ. ಅಂದ್ರೆ ಪ್ರತಿ ತಿಂಗಳು ಬಾಡಿಗೆ ಕಟ್ಟುತ್ತಿದ್ದರೂ ಕಾನೂನಿನ ಲೆಕ್ಕದಲ್ಲಿ ನಾವು ಬಾಡಿಗೆದಾರರಲ್ಲ. ಇನ್ನೊಬ್ಬರ ಮನೆಯಲ್ಲಿ ಇಷ್ಟು ತಿಂಗಳು ಇರೋಕೆ ಅನುಮತಿ ಪಡೆದವರು, ಅಷ್ಟೆ.

ಬೆಂಗಳೂರಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಅಭ್ಯಾಸ ಇರೋ ನಮಗೆ ಇದು ಬರೀ ಪದಗಳ ಆಟ ಅನ್ನಿಸಬಹುದು. ಆದರೆ ಈ ಪದ ಎಲ್ಲಿಂದ ಬಂತು ಅಂತ ಹುಡುಕಿಕೊಂಡು ಹೋದರೆ ನೂರು ವರ್ಷಕ್ಕೂ ಹಿಂದಕ್ಕೆ ಹೋಗಬೇಕಾಗುತ್ತೆ. ಅಷ್ಟೇ ಅಲ್ಲ, ಕಮ್ಯುನಿಸ್ಟ್ ಆಡಳಿತ ಬಿದ್ದ ಮೇಲೆ ಪೂರ್ವ ಯುರೋಪಿನ ದೇಶಗಳು ತಮ್ಮ ಸರ್ಕಾರಿ ಬಾಡಿಗೆ ಮನೆಗಳನ್ನ ಏನು ಮಾಡಿದವು ಅನ್ನೋ ಕತೆಗೂ ಇದಕ್ಕೂ ಆಶ್ಚರ್ಯ ಆಗುವಷ್ಟು ಹೋಲಿಕೆ ಇದೆ. ನಮ್ಮಲ್ಲಿ ಪ್ರಾಜೆಕ್ಟ್ ಮೇಲೆ ಪ್ರಾಗ್, ವಾರ್ಸಾ, ಬುಡಾಪೆಸ್ಟ್‌ಗೆ ಹೋಗಿ ಅಲ್ಲಿ ಮನೆ ಹುಡುಕಿ ಸುಸ್ತಾದವರು ಇದ್ದೀರಿ. ನಿಮಗೆ ಇದು ಬೇಗ ಅರ್ಥ ಆಗುತ್ತೆ.

ಪ್ಲೇಗ್ ಬಂದ ಮೇಲೆ ಕಟ್ಟಿದ ಮನೆಗಳು

1896ರಲ್ಲಿ ಮುಂಬೈಗೆ ಪ್ಲೇಗ್ ಬಂತು. ಜನ ಗುಂಪು ಗುಂಪಾಗಿ ಊರು ಬಿಟ್ಟರು, ಗಿರಣಿಗಳಿಗೆ ಕೂಲಿಗಳು ಸಿಗದ ಹಾಗಾಯ್ತು. ಆಗ ಸರ್ಕಾರಕ್ಕೆ ಎಚ್ಚರ ಆಗಿ 1898ರಲ್ಲಿ ಬಾಂಬೆ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಸ್ಥಾಪಿಸಿತು. ಗಾಳಿ ಬೆಳಕಿಲ್ಲದ ಕೇರಿಗಳನ್ನ ಒಡೆದು ಅಗಲ ರಸ್ತೆ ಮಾಡೋದು, ಬಡವರಿಗೆ ಚಾಳು ಕಟ್ಟೋದು ಅದರ ಕೆಲಸ. ಒಡೆದಷ್ಟು ಕಟ್ಟಲಿಲ್ಲ ಅನ್ನೋ ದೂರು ಆಗಲೇ ಇತ್ತು. ಆದರೂ ಕಟ್ಟಿದ ಬಿಐಟಿ ಚಾಳುಗಳು ಸಾವಿರಾರು ಕುಟುಂಬಗಳಿಗೆ ನೆಲೆ ಆದವು. ಪರೇಲಿನ ಒಂದು ಬಿಐಟಿ ಚಾಳಿನ ಎರಡು ಖೋಲಿಗಳು ಡಾ. ಬಿ. ಆರ್. ಅಂಬೇಡ್ಕರ್ ಅವರ ಮನೆ. 1912ರಿಂದ 1934ರವರೆಗೆ, ವಿದೇಶದಲ್ಲಿ ಓದಿದ ವರ್ಷಗಳನ್ನ ಬಿಟ್ಟರೆ, ಅವರ ವಿಳಾಸ ಅದೇ.

ಆಮೇಲೆ ಬಂದಿದ್ದು ದೊಡ್ಡ ಯೋಜನೆ. 1920ರಲ್ಲಿ ಗವರ್ನರ್ ಜಾರ್ಜ್ ಲಾಯ್ಡ್ ಕಾಲದಲ್ಲಿ ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್, ಅಂದ್ರೆ ಬಿಡಿಡಿ, ಶುರುವಾಯ್ತು. ಗಿರಣಿ ಕಾರ್ಮಿಕರಿಗಾಗಿ 50 ಸಾವಿರ ಒಂದು ಕೋಣೆಯ ಮನೆ ಕಟ್ಟೋದು ಗುರಿ. ಅದಕ್ಕೆ ಊರೊಳಗೆ ಬರೋ ಹತ್ತಿಯ ಪ್ರತಿ ಬೇಲ್ ಮೇಲೆ ಒಂದು ರೂಪಾಯಿ ಸುಂಕ ಹಾಕಿದರು. ಹತ್ತಿಯಿಂದ ದುಡ್ಡು ಮಾಡೋ ಊರು ಹತ್ತಿ ಕಾರ್ಮಿಕರ ಮನೆಗೂ ಸ್ವಲ್ಪ ಕೊಡಲಿ ಅನ್ನೋ ಲೆಕ್ಕ.

ಕೊನೆಗೆ ಆಗಿದ್ದು 207 ಚಾಳು. ವರ್ಲಿಯಲ್ಲಿ 121, ನಾಯಗಾಂವ್‌ನಲ್ಲಿ 42, ಡಿಲೈಲ್ ರೋಡಿನಲ್ಲಿ 32, ಶಿವಡಿಯಲ್ಲಿ 12. ಒಂದೊಂದೂ ನೆಲ ಅಂತಸ್ತು ಸೇರಿ ನಾಲ್ಕು ಅಂತಸ್ತು, ಅಂತಸ್ತಿಗೆ 20ರಂತೆ 80 ಖೋಲಿ. ಖೋಲಿ ಅಂದ್ರೆ 160 ಚದರ ಅಡಿ. ಶೌಚಾಲಯ ಎಲ್ಲರಿಗೂ ಸೇರಿದ್ದು. 207ನ್ನ 80ರಿಂದ ಗುಣಿಸಿ: 16,560. ಗುರಿಯ ಮೂರನೇ ಒಂದು ಪಾಲು. ಶುರುವಿನಲ್ಲಿ ಅದೂ ತುಂಬಲಿಲ್ಲ. ಕಾರ್ಮಿಕನ ಕೂಲಿಗೆ ಬಾಡಿಗೆ ದುಬಾರಿ ಆಯ್ತು. ವರ್ಲಿಯಲ್ಲಿ ಖಾಲಿ ಬಿದ್ದ ಚಾಳುಗಳನ್ನ 1930ರ ದಶಕದ ಕಾನೂನುಭಂಗ ಚಳವಳಿಯ ಸಮಯದಲ್ಲಿ ಸರ್ಕಾರ ತಾತ್ಕಾಲಿಕ ಜೈಲು ಮಾಡಿಕೊಂಡಿತು!

ತಪ್ಪುಗಳು ಎಷ್ಟೇ ಇರಲಿ, ಇಲ್ಲೊಂದು ಮುಖ್ಯ ವಿಷಯ ಇದೆ. ಈ ಮನೆಗಳು ಸಾರ್ವಜನಿಕರವು. ಒಬ್ಬ ಖಾಲಿ ಮಾಡಿದರೆ ಅದು ಇನ್ನೊಬ್ಬನಿಗೆ. ಊರಿಗೆ ಹೊಸದಾಗಿ ಬಂದವನಿಗೆ ತೆರೆಯೋ ಒಂದು ಬಾಗಿಲು. ನೀತಿ ನಿಪುಣರು ‘ಸೋಷಿಯಲ್ ರೆಂಟಲ್ ಹೌಸಿಂಗ್’ ಅನ್ನೋದು ಇದಕ್ಕೇ.

1940ರಲ್ಲಿ ನಿಂತುಹೋದ ಬಾಡಿಗೆ

ಎರಡನೇ ಮಹಾಯುದ್ಧದಲ್ಲಿ ಬೆಲೆ ಏರಿತು, ದೇಶ ವಿಭಜನೆ ಆದಾಗ ನಿರಾಶ್ರಿತರು ಬಂದರು. ಮನೆ ಮಾಲೀಕರು ಬಾಯಿಗೆ ಬಂದ ಹಾಗೆ ಬಾಡಿಗೆ ಕೇಳದಂತೆ ತಡೆಯೋಕೆ 1947ರ ಬಾಂಬೆ ಬಾಡಿಗೆ ನಿಯಂತ್ರಣ ಕಾಯ್ದೆ ಬಂತು. ಖಾಸಗಿ ಮನೆಗಳ ಬಾಡಿಗೆಯನ್ನ 1940ರ ಸೆಪ್ಟೆಂಬರ್ ಮಟ್ಟಕ್ಕೆ ಕಟ್ಟಿ ಹಾಕಿದರು. ತುರ್ತು ಕ್ರಮ ಅಂತ ಶುರುವಾಗಿದ್ದು ಮತ್ತೆ ಮತ್ತೆ ಮುಂದುವರೀತಾ ಐವತ್ತು ವರ್ಷ ದಾಟಿತು.

ಲೆಕ್ಕಕ್ಕೆ ಹೇಳ್ತೀನಿ. ಆಗ ತಿಂಗಳಿಗೆ 20 ರೂಪಾಯಿ ಇದ್ದ ಖೋಲಿ, ತೆರಿಗೆ ಪಾಲು ಬಿಟ್ಟರೆ, 1990ರಲ್ಲೂ 20 ರೂಪಾಯಿ. ಆ ದುಡ್ಡಲ್ಲಿ ಮಾಲೀಕ ಸುಣ್ಣವನ್ನೂ ಹೊಡೆಸೋಕೆ ಆಗಲ್ಲ. ಮಾಡಿಸಲೂ ಇಲ್ಲ. ಮಳೆಗಾಲದಲ್ಲಿ ಕಟ್ಟಡ ಬೀಳೋದು ಜಾಸ್ತಿ ಆದಾಗ 1969ರಲ್ಲಿ ಕಾನೂನು ತಂದು, ಸೆಸ್ ವಸೂಲಿ ಮಾಡಿ ಸರ್ಕಾರವೇ ರಿಪೇರಿ ಮಾಡಿಸೋ ವ್ಯವಸ್ಥೆ ಮಾಡಬೇಕಾಯ್ತು. ಆ ಲೆಕ್ಕಕ್ಕೆ ಬಂದ ಕಟ್ಟಡಗಳು ಸುಮಾರು 19,600. ಅದಾದ ಮೇಲೂ ಬೀಳೋದು ನಿಂತಿಲ್ಲ. 2017ರ ಆಗಸ್ಟ್‌ನಲ್ಲಿ ಭೇಂಡಿ ಬಜಾರ್ ಹತ್ತಿರ ಹುಸೈನಿ ಬಿಲ್ಡಿಂಗ್ ಕುಸಿದು 30ಕ್ಕೂ ಹೆಚ್ಚು ಜನ ಸತ್ತರು.

ಇನ್ನೊಂದು ಕಡೆ ಪಗಡಿ ಬೆಳೀತು. ಇಷ್ಟು ಅಗ್ಗದ ಖೋಲಿಯನ್ನ ಯಾರು ಸುಮ್ಮನೆ ಬಿಟ್ಟುಕೊಡ್ತಾರೆ? ಬಿಡಬೇಕು ಅಂದ್ರೆ ಒಳಗೆ ಬರೋನು ಒಂದೇ ಸಲಕ್ಕೆ ದೊಡ್ಡ ಮೊತ್ತ ಕೊಡಬೇಕು. ಅದರಲ್ಲಿ ಒಂದು ಪಾಲು ಮಾಲೀಕನಿಗೆ, ಉಳಿದದ್ದು ಬಿಡೋ ಬಾಡಿಗೆದಾರನಿಗೆ. ಕಾಗದದಲ್ಲಿ ಬಾಡಿಗೆ, ಕೈಯಲ್ಲಿ ಅರ್ಧ ಮಾಲೀಕತ್ವ. ಸರ್ಕಾರದ ಚಾಳುಗಳ ಖೋಲಿಗಳೂ ಹೀಗೇ ದುಡ್ಡಿನ ಮೇಲೆ ಕೈ ಬದಲಾದವು.

ಹಾಗಾದ್ರೆ ದುಡ್ಡಿಲ್ಲದೆ ಊರಿಗೆ ಬಂದವನ ಗತಿ? ನಮ್ಮ ಕರಾವಳಿಯ ಹೋಟೆಲ್ ಹುಡುಗರ ಕತೆ ಎಲ್ಲರಿಗೂ ಗೊತ್ತು. ಹಗಲು ಟೇಬಲ್ ಒರೆಸಿ, ರಾತ್ರಿ ಕನ್ನಡ ರಾತ್ರಿ ಶಾಲೆಯಲ್ಲಿ ಓದಿ, ಬಾಗಿಲು ಹಾಕಿದ ಮೇಲೆ ಅದೇ ಹೋಟೆಲಿನ ಒಳಗೆ ಹಾಸಿಕೊಂಡು ಮಲಗೋದು. ಮಂಗಳೂರಿನಿಂದ ಹೋದ ಜಾರ್ಜ್ ಫರ್ನಾಂಡಿಸ್ ಮೊದಮೊದಲು ಚೌಪಾಟಿಯ ಬೆಂಚಿನ ಮೇಲೆ ಮಲಗಿ ರಾತ್ರಿ ಕಳೆದವರು. ಊರಲ್ಲಿ ಅಗ್ಗದ ಖೋಲಿಗಳು ಲಕ್ಷಗಟ್ಟಲೆ ಇದ್ದವು. ಆದರೆ ಅವು ಆಗಲೇ ಒಳಗೆ ಇದ್ದವರಿಗೆ ಮಾತ್ರ.

ಈಗ ನಿಮ್ಮ ಅಗ್ರಿಮೆಂಟಿಗೆ ಬನ್ನಿ. ಬಾಡಿಗೆದಾರ ಅಂತ ಒಪ್ಪಿಕೊಂಡರೆ ಮನೆ ವಾಪಸ್ ಬರಲ್ಲ ಅಂತ ಹೆದರಿದ ಮಾಲೀಕರು ಒಂದು ದಾರಿ ಕಂಡುಕೊಂಡರು. ‘ಇದು ಬಾಡಿಗೆ ಅಲ್ಲ, ಇರೋಕೆ ಲೈಸೆನ್ಸ್’ ಅಂತ ಬರೆಸಿಕೊಳ್ಳೋದು. 1973ರಲ್ಲಿ ಸರ್ಕಾರ ಕಾಯ್ದೆ ತಿದ್ದಿ, ಆ ವರ್ಷ ಫೆಬ್ರವರಿ 1ರಂದು ಚಾಲ್ತಿಯಲ್ಲಿದ್ದ ಲೈಸೆನ್ಸ್ ಮೇಲೆ ಮನೆಯಲ್ಲಿದ್ದವರನ್ನ ಬಾಡಿಗೆದಾರರು ಅಂತ ಪರಿಗಣಿಸಿತು. ಫೆಬ್ರವರಿ 1ರಂದು ಒಳಗಿದ್ದವನಿಗೆ ರಕ್ಷಣೆ ಸಿಕ್ತು, ಆಮೇಲೆ ಬಂದವನಿಗೆ ಇಲ್ಲ. ಮಾಲೀಕರು ಇನ್ನೂ ಎಚ್ಚರ ಆದರು, 11 ತಿಂಗಳ ಕಾಗದ ರೂಢಿಗೆ ಬಂತು. 2000ದ ಮಾರ್ಚ್ 31ರಿಂದ ಜಾರಿಗೆ ಬಂದ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ ಇದನ್ನೇ ಗಟ್ಟಿ ಮಾಡಿತು. ಅವಧಿ ಮುಗಿದ ಮೇಲೂ ಲೈಸೆನ್ಸಿ ಮನೆ ಬಿಡದಿದ್ದರೆ ಎರಡು ಪಟ್ಟು ಹಣ ಕೊಡಬೇಕು. ಅದೇ ಕಾಯ್ದೆ ಹಳೇ ಬಾಡಿಗೆದಾರರಿಗೆ ವರ್ಷಕ್ಕೆ 4 ಪರ್ಸೆಂಟ್ ಮಾತ್ರ ಏರಿಕೆ ಅಂತ ಹೇಳಿ, ಪಗಡಿಯನ್ನೂ ಕಾನೂನುಬದ್ಧ ಮಾಡಿತು. ಒಂದೇ ಬೀದಿಯಲ್ಲಿ ಎರಡು ಲೋಕ: ತಲೆಮಾರುಗಳಿಂದ ಕೂತವರದ್ದು ಒಂದು, 11 ತಿಂಗಳಿಗೆ ಬ್ಯಾಗ್ ಕಟ್ಟೋರದ್ದು ಇನ್ನೊಂದು.

ಅತ್ತ ಗೋಡೆ ಬಿದ್ದಾಗ

ಈಗ ಪೂರ್ವ ಯುರೋಪಿಗೆ ಹೋಗೋಣ. ಕಮ್ಯುನಿಸ್ಟ್ ದೇಶಗಳಲ್ಲಿ, ಅದರಲ್ಲೂ ನಗರಗಳಲ್ಲಿ, ಮನೆ ಅಂದ್ರೆ ಹೆಚ್ಚಾಗಿ ಸರ್ಕಾರದ್ದು ಅಥವಾ ಕಾರ್ಖಾನೆಯದ್ದು. ಬಾಡಿಗೆ ಹೆಸರಿಗೆ ಮಾತ್ರ. ಸೋವಿಯತ್ ರಷ್ಯಾದ ‘ಕೊಮ್ಮುನಾಲ್ಕಾ’ಗಳಲ್ಲಿ ಒಂದು ಫ್ಲ್ಯಾಟಿನ ಒಂದೊಂದು ಕೋಣೆಯಲ್ಲಿ ಒಂದೊಂದು ಕುಟುಂಬ, ಅಡುಗೆಮನೆ ಎಲ್ಲರದ್ದು. ಚಾಳಿನ ಜೀವನ ಗೊತ್ತಿರೋರಿಗೆ ಇದನ್ನ ವಿವರಿಸೋದೇ ಬೇಡ. 1950ರ ದಶಕದ ಕೊನೆಯಿಂದ ಕ್ರುಶ್ಚೇವ್ ಕಾಲದ ಐದು ಅಂತಸ್ತಿನ ಬ್ಲಾಕುಗಳು ಎದ್ದವು. ಮನೆ ಸಿಗೋಕೆ ವರ್ಷಗಟ್ಟಲೆ ಕ್ಯೂ. ಬಾಡಿಗೆ ಇಷ್ಟು ಕಡಿಮೆ ಆದ್ದರಿಂದ ರಿಪೇರಿಗೆ ದುಡ್ಡಿಲ್ಲ. ಇಲ್ಲಿ 1940ರ ಬಾಡಿಗೆ ಮಾಡಿದ್ದನ್ನೇ ಅಲ್ಲಿ ಸರ್ಕಾರಿ ಬಾಡಿಗೆ ಮಾಡಿತು.

1989ರಿಂದ 1991ರ ನಡುವೆ ಆ ಆಡಳಿತಗಳು ಒಂದೊಂದಾಗಿ ಬಿದ್ದವು. ಹೊಸ ಸರ್ಕಾರಗಳ ಕೈಯಲ್ಲಿ ಲಕ್ಷಾಂತರ ಹಳೇ ಮನೆ, ಖಜಾನೆ ಖಾಲಿ. ಏನು ಮಾಡಿದರು? ಒಳಗೆ ಯಾರಿದ್ದಾರೋ ಅವರಿಗೇ ಕೊಟ್ಟರು.

ರಷ್ಯಾ 1991ರ ಜುಲೈನ ಕಾನೂನಿನಲ್ಲಿ ವಾಸ ಇದ್ದವರಿಗೆ ಪುಕ್ಕಟೆ ಕೊಡೋಕೆ ಶುರು ಮಾಡಿತು. ಕೊನೆ ದಿನಾಂಕ ಮುಂದೂಡಿ ಮುಂದೂಡಿ, 2017ರಲ್ಲಿ ಕೊನೆ ದಿನಾಂಕವೇ ಬೇಡ ಅಂದುಬಿಟ್ಟಿತು. ಎಸ್ಟೋನಿಯಾ ದುಡಿದ ವರ್ಷಗಳ ಲೆಕ್ಕದಲ್ಲಿ ಜನರಿಗೆ ವೋಚರ್ ಕೊಟ್ಟು, ಅದರಲ್ಲಿ ಮನೆ ಕೊಳ್ಳಿ ಅಂತು. ಬುಡಾಪೆಸ್ಟ್‌ನಲ್ಲಿ 1990ರಲ್ಲಿ ಸುಮಾರು ಅರ್ಧದಷ್ಟು ಮನೆಗಳು ಸಾರ್ವಜನಿಕ ಬಾಡಿಗೆಯವು. ವಾರ್ಡ್ ಮಟ್ಟದ ಆಡಳಿತಗಳು ಅವನ್ನ ಮಾರುಕಟ್ಟೆ ಬೆಲೆಯ ಸಣ್ಣ ಪಾಲಿಗೆ ಒಳಗಿದ್ದವರಿಗೇ ಮಾರಿದವು. ಈಗ ಉಳಿದಿರೋದು ಇಪ್ಪತ್ತರಲ್ಲಿ ಒಂದರ ಆಸುಪಾಸು. ರೊಮೇನಿಯಾದಲ್ಲಿ ಇವತ್ತು ನೂರಕ್ಕೆ ಸುಮಾರು 95 ಜನ ಸ್ವಂತ ಮನೆಯಲ್ಲಿದ್ದಾರೆ. ಜರ್ಮನಿಯಲ್ಲಿ ಅರ್ಧದಷ್ಟು ಜನ ಬಾಡಿಗೆ ಮನೆಯಲ್ಲಿದ್ದಾರೆ ಅನ್ನೋದನ್ನ ಪಕ್ಕಕ್ಕೆ ಇಟ್ಟು ನೋಡಿ.

ಇದನ್ನ ಬರೀ ದಡ್ಡತನ ಅನ್ನೋಕೆ ಆಗಲ್ಲ. ಆ ವರ್ಷಗಳಲ್ಲಿ ಕಾರ್ಖಾನೆ ಮುಚ್ಚುತ್ತಿದ್ದವು, ಹಣದುಬ್ಬರ ಉಳಿತಾಯವನ್ನೆಲ್ಲ ತಿನ್ನುತ್ತಿತ್ತು. ತಲೆ ಮೇಲೊಂದು ಸೂರು ಇದೆ, ಅದನ್ನ ಯಾರೂ ಕಿತ್ತುಕೊಳ್ಳಲ್ಲ ಅನ್ನೋ ಧೈರ್ಯ ದೊಡ್ಡದು. ಸಂಶೋಧಕರು ಇದನ್ನ ‘ಶಾಕ್ ಅಬ್ಸಾರ್ಬರ್’ ಅಂತಾರೆ. ಮುಂಬೈನಲ್ಲೂ ಅದೇ ಆಗಿತ್ತು. 1982ರ ಜನವರಿಯಲ್ಲಿ ದತ್ತಾ ಸಾಮಂತ್ ಮುಂದಾಳತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಮುಷ್ಕರಕ್ಕಿಳಿದರು. ಎಷ್ಟೋ ಗಿರಣಿಗಳು ಮತ್ತೆ ಸರಿಯಾಗಿ ನಡೆಯಲೇ ಇಲ್ಲ. ಸಂಬಳ ಹೋಯ್ತು, ಆದರೆ ಲಾಲ್‌ಬಾಗ್, ಪರೇಲ್, ವರ್ಲಿಯ ಖೋಲಿ ಉಳೀತು. ಆ ಖೋಲಿ ಇಲ್ಲದಿದ್ದರೆ ಆ ಕುಟುಂಬಗಳು ಊರಲ್ಲೇ ಇರುತ್ತಿರಲಿಲ್ಲ.

ಸಮಸ್ಯೆ ಬಂದಿದ್ದು ಆಮೇಲೆ. ಮನೆಯೇನೋ ಸ್ವಂತ ಆಯ್ತು, ಲಿಫ್ಟ್, ಸೋರೋ ಚಾವಣಿ, ಚಳಿಗಾಲದ ಹೀಟಿಂಗ್ ಬಿಲ್ಲಿಗೆ ದುಡ್ಡಿಲ್ಲ. ಕಾಗದದಲ್ಲಿ ಮಾಲೀಕ, ಜೇಬಲ್ಲಿ ಬಡವ. ಎರಡನೇ ಸಮಸ್ಯೆ ಅದಕ್ಕಿಂತ ದೊಡ್ಡದು. ಹತ್ತು ವರ್ಷ ಬಿಟ್ಟು ಮದುವೆಯಾದ ಜೋಡಿಗೆ, ಹಳ್ಳಿಯಿಂದ ಬಂದ ಹುಡುಗನಿಗೆ, ವಿಚ್ಛೇದನ ಆಗಿ ಮಗು ಕಟ್ಟಿಕೊಂಡು ಹೊರಬಂದವಳಿಗೆ ಕೊಡೋಕೆ ನಗರಸಭೆ ಹತ್ತಿರ ಮನೆಯೇ ಇಲ್ಲ. ಕೊಟ್ಟಿದ್ದು ಒಂದು ತಲೆಮಾರಿಗೆ. ಖಾಲಿ ಆಗಿದ್ದು ಮುಂದಿನ ತಲೆಮಾರುಗಳ ಪಾಲು.

ಎರಡು ಕೋರ್ಟು, ಒಂದೇ ತಕರಾರು

ಜೆಕ್ ದೇಶದಲ್ಲಿ ಇನ್ನೊಂದು ತರಹ ಆಯ್ತು. ಕಮ್ಯುನಿಸ್ಟರು ಕಿತ್ತುಕೊಂಡಿದ್ದ ಕಟ್ಟಡಗಳನ್ನ ಹಳೇ ಮಾಲೀಕರಿಗೆ ವಾಪಸ್ ಕೊಟ್ಟರು, ಬಾಡಿಗೆದಾರರ ಸಮೇತ. ಹಳೇ ಬಾಡಿಗೆದಾರರಿಗೆ ನಿಯಂತ್ರಿತ ಬಾಡಿಗೆ, ಹೊಸದಾಗಿ ಬಂದವರಿಗೆ ಪ್ರಾಗ್‌ನ ಮಾರುಕಟ್ಟೆ ದರ. ಈ ಎರಡು ಲೋಕ ಸೇರೋಕೆ 2010ರ ಆಚೆಯವರೆಗೂ ಬೇಕಾಯ್ತು. ಗಿರ್‌ಗಾಂವ್‌ನ ಪಗಡಿ ಮನೆ ನೋಡಿದವರಿಗೆ ಇದರಲ್ಲಿ ಹೊಸದೇನೂ ಕಾಣಲ್ಲ.

ಮಾಲೀಕರು ಎರಡೂ ಕಡೆ ಕೋರ್ಟಿಗೆ ಹೋದರು. 1997ರ ಡಿಸೆಂಬರ್‌ನಲ್ಲಿ ನಮ್ಮ ಸುಪ್ರೀಂ ಕೋರ್ಟ್, ಬಾಡಿಗೆಯನ್ನ ದಶಕಗಟ್ಟಲೆ ಹಳೇ ಮಟ್ಟದಲ್ಲೇ ನಿಲ್ಲಿಸಿರೋದು ನ್ಯಾಯಸಮ್ಮತ ಅಲ್ಲ ಅಂತ ಹೇಳಿತು. ಆ ಪ್ರಕರಣದ ಹೆಸರು ಮಲ್ಪೆ ವಿಶ್ವನಾಥ ಆಚಾರ್ಯ ವಿರುದ್ಧ ಮಹಾರಾಷ್ಟ್ರ ಸರ್ಕಾರ. ಮುಂಬೈ ಬಾಡಿಗೆ ಕಾನೂನಿನ ಬಹುಮುಖ್ಯ ತೀರ್ಪಿನ ಹೆಸರಲ್ಲಿ ನಮ್ಮ ಮಲ್ಪೆ ಇದೆ ನೋಡಿ. 2006ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಹುಟ್ಟೆನ್-ಚಾಪ್ಸ್ಕಾ ವಿರುದ್ಧ ಪೋಲೆಂಡ್ ಪ್ರಕರಣದಲ್ಲಿ ಹೆಚ್ಚುಕಡಿಮೆ ಇದನ್ನೇ ಹೇಳಿತು: ಸಮಾಜದ ಮನೆ ಸಮಸ್ಯೆಯ ಭಾರವನ್ನೆಲ್ಲ ಒಂದು ಗುಂಪಿನ ಮಾಲೀಕರ ತಲೆ ಮೇಲೆ ಹಾಕೋಕೆ ಆಗಲ್ಲ.

ಎರಡೂ ತೀರ್ಪಿನಲ್ಲಿ ಮಾಲೀಕ ಇದ್ದ, ಬಾಡಿಗೆದಾರ ಇದ್ದ, ಸರ್ಕಾರ ಇತ್ತು. ಇನ್ನೂ ಊರಿಗೆ ಬಾರದವನ ಪರ ವಕೀಲರಿರಲಿಲ್ಲ. ಇರೋಕೂ ಸಾಧ್ಯ ಇಲ್ಲ.

ಮುಂಬೈ ಕೂಡ ಕೊಟ್ಟಿತು

1995ರಲ್ಲಿ ಶಿವಸೇನಾ–ಬಿಜೆಪಿ ಸರ್ಕಾರ ಬಂದಾಗ ಅಫ್ಜಲ್‌ಪುರ್ಕರ್ ಸಮಿತಿಯ ವರದಿ ಇಟ್ಟುಕೊಂಡು ಝೋಪಡಿ ಪುನರ್ವಸತಿ ಪ್ರಾಧಿಕಾರ, ಅಂದ್ರೆ ಎಸ್‌ಆರ್‌ಎ, ಮಾಡಿತು. ಝೋಪಡಿಯಲ್ಲಿ ಇರೋರಿಗೆ 225 ಚದರ ಅಡಿಯ ಮನೆ ಪುಕ್ಕಟೆ, ಅದೇ ಜಾಗದಲ್ಲಿ ಬಿಲ್ಡರ್‌ಗೆ ಮಾರೋಕೆ ಹೆಚ್ಚುವರಿ ಎಫ್‌ಎಸ್‌ಐ. ಪುಕ್ಕಟೆ ಯಾರಿಗೆ? 1995ರ ಜನವರಿ 1ಕ್ಕೆ ಮೊದಲು ಬಂದವರಿಗೆ. ಆ ದಿನಾಂಕ ಆಮೇಲೆ 2000ಕ್ಕೆ ಬಂತು, ದುಡ್ಡು ಕೊಡೋರಿಗೆ 2011ಕ್ಕೂ ಬಂತು. ಆದರೆ ಯಾವಾಗಲೂ ಒಂದು ಕಟ್-ಆಫ್ ಇದ್ದೇ ಇರುತ್ತೆ. ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ 2015ರಲ್ಲಿ ಬಂದ ಕುಟುಂಬ ಆ ಗೆರೆಯ ಆಚೆ. ಅವರೇ ಕಾಂಕ್ರೀಟ್ ಹೊತ್ತ ಟವರಿನ ನೆರಳಲ್ಲಿ ಅವರದ್ದು ನೀಲಿ ಪ್ಲಾಸ್ಟಿಕ್ ಹೊದಿಕೆಯ ಶೆಡ್.

2008ರಲ್ಲಿ ಒಂದು ಬೇರೆ ಪ್ರಯತ್ನ ನಡೀತು. ಎಂಎಂಆರ್‌ಡಿಎ ಬಾಡಿಗೆ ಮನೆ ಯೋಜನೆ ಘೋಷಿಸಿತು. ಮನೆ ಸರ್ಕಾರದ್ದೇ ಆಗಿರುತ್ತೆ, ಹೊಸಬರು ಕಡಿಮೆ ಬಾಡಿಗೆಗೆ ಇರ್ತಾರೆ, ಸ್ವಲ್ಪ ಕಾಲು ಊರಿದ ಮೇಲೆ ಮುಂದಿನವರಿಗೆ ಬಿಡ್ತಾರೆ ಅನ್ನೋ ಯೋಚನೆ. ಒಂದು ಮನೆಯ ಅಳತೆ ಎಷ್ಟು ಗೊತ್ತಾ? 160 ಚದರ ಅಡಿ. ಬಿಡಿಡಿ ಖೋಲಿಯ ಅಳತೆಯೇ! ಆದರೆ ಕೆಲವೇ ವರ್ಷಕ್ಕೆ ಯೋಜನೆಯ ದಿಕ್ಕು ಬದಲಾಯ್ತು, ಬಾಡಿಗೆ ಹೋಗಿ ಮಾರಾಟ ಬಂತು. ಪನ್ವೇಲ್ ಹತ್ತಿರ ಕೋನ್‌ನಲ್ಲಿ ಕಟ್ಟಿದ 160 ಅಡಿಯ ಮನೆಗಳನ್ನ ಎರಡೆರಡು ಸೇರಿಸಿ, 2016ರ ಲಾಟರಿಯಲ್ಲಿ 2,417 ಗಿರಣಿ ಕಾರ್ಮಿಕರಿಗೆ, ವಾರಸುದಾರರಿಗೆ ಸ್ವಂತಕ್ಕೆ ಅಂತ ಹಂಚಿದರು. ಕೀಲಿಗಾಗಿ ಅವರೂ ವರ್ಷಗಟ್ಟಲೆ ಕಾದರು. ಕೋವಿಡ್ ಬಂದಾಗ ಆ ಮನೆಗಳು ಕ್ವಾರಂಟೈನ್ ಕೇಂದ್ರ ಆಗಿದ್ದವು. ಖಾಲಿ ಬಾಡಿಗೆ ಮನೆ 1930ರಲ್ಲಿ ಜೈಲು, 2020ರಲ್ಲಿ ಕ್ವಾರಂಟೈನ್.

ಕೊನೆಗೆ ಬಿಡಿಡಿ ಚಾಳು. ಮ್ಹಾಡಾ ಅವನ್ನ ಕೆಡವಿ 40 ಅಂತಸ್ತಿನ ಟವರ್ ಕಟ್ಟಿಸುತ್ತಿದೆ. 2025ರ ಆಗಸ್ಟ್ 14ರಂದು ವರ್ಲಿಯ ಮೊದಲ 556 ಕುಟುಂಬಗಳಿಗೆ ಕೀಲಿ ಕೊಟ್ಟರು. 160 ಅಡಿಯ ಖೋಲಿಗೆ ಬದಲಾಗಿ 500 ಅಡಿಯ ಸ್ವಂತ ಫ್ಲ್ಯಾಟ್, ಪುಕ್ಕಟೆ. ಮೂರು ನಾಲ್ಕು ತಲೆಮಾರು ಒಂದೇ ಖೋಲಿಯಲ್ಲಿ, ಬೆಳಗ್ಗೆ ಶೌಚಾಲಯಕ್ಕೆ ಸಾಲು ನಿಂತು ಬದುಕಿದ ಕುಟುಂಬಗಳು ಅವು. ಅವರ ಸಂತೋಷದಲ್ಲಿ ಹುಳುಕು ಹುಡುಕೋ ಆಸೆ ನನಗಿಲ್ಲ, ಅವರಿಗೆ ಅದು ಸಲ್ಲಬೇಕಾದದ್ದೇ. ಟವರಿನ ಲಿಫ್ಟ್, ಪಂಪ್, ಮೇಂಟೆನೆನ್ಸ್ ಖರ್ಚು ಮುಂದೆ ಹೇಗೆ ನಿಭಾಯಿಸ್ತಾರೆ ಅನ್ನೋದು ಬುಕಾರೆಸ್ಟ್ ಕಲಿತ ಪಾಠ, ಅದನ್ನ ಮರೆಯಬಾರದು ಅಷ್ಟೆ.

ನನ್ನ ಪ್ರಶ್ನೆ ಬೇರೆ. ಹತ್ತಿ ಬೇಲಿನ ಸುಂಕದ ದುಡ್ಡಿನಿಂದ ಸಾರ್ವಜನಿಕರ ಹೆಸರಲ್ಲಿ ಕಟ್ಟಿದ ಬಾಡಿಗೆ ಖೋಲಿಗಳು ಹೀಗೆ ಸಾರ್ವಜನಿಕ ಲೆಕ್ಕದಿಂದ ಹೋಗ್ತಿವೆ. ಅಲ್ಲಿ ಮಾರೋಕೂ ಮನೆ ಕಟ್ಟುತ್ತಾರೆ. ಅಷ್ಟು ಕಟ್ಟುವಾಗ ಕೆಲವು ಸಾವಿರವನ್ನಾದರೂ ಮುಂದೆ ಬರೋರಿಗೆ ಬಾಡಿಗೆಗೆ ಅಂತ ಇಟ್ಟುಕೊಳ್ಳಬಹುದಿತ್ತಲ್ವಾ?

ಇಟ್ಟುಕೊಂಡ ಊರುಗಳು

ಆಗಲ್ಲ ಅನ್ನೋರಿಗೆ ಎರಡು ಉದಾಹರಣೆ. ಬಿಡಿಡಿ ಚಾಳು ಏಳುತ್ತಿದ್ದ ಅದೇ ವರ್ಷಗಳಲ್ಲಿ, 1923ರಲ್ಲಿ, ವಿಯೆನ್ನಾ ನಗರಸಭೆ ಮನೆ ಕಟ್ಟೋಕೆ ಅಂತಲೇ ತೆರಿಗೆ ಹಾಕಿತು. ದೊಡ್ಡ ಮನೆಗೆ ಜಾಸ್ತಿ, ಸಣ್ಣ ಮನೆಗೆ ಕಡಿಮೆ. 1934ರೊಳಗೆ 60 ಸಾವಿರಕ್ಕೂ ಹೆಚ್ಚು ಮನೆ ಕಟ್ಟಿತು. ವಿಯೆನ್ನಾ ಅವನ್ನ ಮಾರಲಿಲ್ಲ. ಇವತ್ತು ಅದರ ಕೈಯಲ್ಲಿ ಸುಮಾರು 2.2 ಲಕ್ಷ ಬಾಡಿಗೆ ಮನೆ ಇವೆ. ಅಲ್ಲೂ ಕ್ಯೂ ಇದೆ, ಆದರೆ ಕ್ಯೂ ಮುಂದಕ್ಕೆ ಸರಿಯುತ್ತೆ.

ಕಮ್ಯುನಿಸ್ಟ್ ಕಾಲದ ಮನೆಗಳನ್ನ ಮಾರುತ್ತಿದ್ದ ಪೋಲೆಂಡ್ 1995ರಲ್ಲಿ ಹೊಸ ಕಾನೂನು ಮಾಡಿ ಟಿಬಿಎಸ್ ಅನ್ನೋ ಸಂಸ್ಥೆಗಳಿಗೆ ಅವಕಾಶ ಕೊಟ್ಟಿತು. ಇವು ಲಾಭಕ್ಕೆ ದುಡಿಯಲ್ಲ. ಕಟ್ಟಿದ ಖರ್ಚು, ರಿಪೇರಿ ಖರ್ಚು ಹೊರಡುವಷ್ಟು ಬಾಡಿಗೆ. ಒಳಗೆ ಬರುವಾಗ ಖರ್ಚಿನ ಒಂದು ಪಾಲು ಕಟ್ಟಬೇಕು. ನಮ್ಮ ಪಗಡಿ ಹಾಗೇ ಕಾಣುತ್ತೆ, ಆದರೆ ದುಡ್ಡು ಮನೆ ಕಟ್ಟೋಕೆ ಹೋಗುತ್ತೆ, ಎಲ್ಲ ಕಾಗದದಲ್ಲಿರುತ್ತೆ. ಮಧ್ಯಮ ಸಂಬಳದವರಿಗೆ, ಅಂದ್ರೆ ನಮ್ಮಂಥವರಿಗೆ, ಮಾಡಿದ ವ್ಯವಸ್ಥೆ ಅದು.

ನಮ್ಮ ದೇಶದಲ್ಲಿ 1961ರಲ್ಲಿ ನಗರದ ಕುಟುಂಬಗಳಲ್ಲಿ ನೂರಕ್ಕೆ 54 ಬಾಡಿಗೆ ಮನೆಯಲ್ಲಿದ್ದವು, 2011ರಲ್ಲಿ ಸುಮಾರು 28. ಅದೇ 2011ರ ಜನಗಣತಿಯಲ್ಲಿ ಮುಂಬೈನಲ್ಲಿ ಬೀಗ ಹಾಕಿ ಖಾಲಿ ಬಿಟ್ಟ ಮನೆ ಸುಮಾರು 4.8 ಲಕ್ಷ. 2020ರ ಲಾಕ್‌ಡೌನ್‌ನಲ್ಲಿ ಕೂಲಿಕಾರರು ಹೆದ್ದಾರಿ ಹಿಡಿದು ನಡೆದುಹೋದ ಮೇಲೆ, ಜುಲೈನಲ್ಲಿ ಕೇಂದ್ರ ಸರ್ಕಾರ ವಲಸಿಗರಿಗಾಗಿ ಕಡಿಮೆ ಬಾಡಿಗೆಯ ಮನೆ ಯೋಜನೆ ಘೋಷಿಸಿತು. ಖಾಲಿ ಬಿದ್ದ ಸರ್ಕಾರಿ ಮನೆಗಳನ್ನ ಬಾಡಿಗೆಗೆ ಕೊಡೋದು ಅದರ ಒಂದು ಭಾಗ. ಅಂಥ ಮನೆ ಎಲ್ಲಿ ತಯಾರಾದರೂ ಇನ್ನು ಹತ್ತು ವರ್ಷಕ್ಕೆ ‘ಒಳಗಿದ್ದವರ ಹೆಸರಿಗೇ ಮಾಡಿಕೊಡಿ’ ಅನ್ನೋ ಕೂಗು ಏಳುತ್ತೆ. ಚುನಾವಣೆ ಹತ್ತಿರ ಬಂದರೆ ಇನ್ನೂ ಜೋರಾಗಿ ಏಳುತ್ತೆ. ಒಳಗಿದ್ದವರಿಗೆ ಓಟಿದೆ, ಬರಬೇಕಾದವರ ಓಟು ಇನ್ನೂ ರಾಯಚೂರಲ್ಲೋ ಹಾವೇರಿಯಲ್ಲೋ ಇರುತ್ತೆ.

ನಮಗೇನು ಸಂಬಂಧ ಅಂತೀರಾ? ನಾವು ಹನ್ನೊಂದು ತಿಂಗಳಿನ ಲೈಸೆನ್ಸಿಗಳು. ಹೇಗೋ ಸಂಬಳ ಇದೆ, ಬ್ರೋಕರ್‌ಗೆ ಒಂದು ತಿಂಗಳ ಬಾಡಿಗೆ ಕೊಟ್ಟು ಮುಂದಿನ ಮನೆಗೆ ಹೋಗ್ತೀವಿ. ನಮ್ಮ ಆಫೀಸಿನ ಸೆಕ್ಯೂರಿಟಿಯವರು, ಕ್ಯಾಂಟೀನ್ ಹುಡುಗ, ಮನೆಗೆ ಬಂದು ಅಡುಗೆ ಮಾಡೋ ಅಕ್ಕ ಎಲ್ಲಿ ಮಲಗ್ತಾರೆ ಅಂತ ಒಂದು ಸಲ ಕೇಳಿ ನೋಡಿ. ಆಮೇಲೆ ನಿಮ್ಮ ಊರಿನ ಎಮ್ಮೆಲ್ಲೆಯೋ ಕಾರ್ಪೊರೇಟರೋ ‘ಇಷ್ಟು ಸಾವಿರ ಮನೆ ಹಂಚಿದೆವು’ ಅಂತ ಹೇಳಿದಾಗ ಇನ್ನೊಂದು ಪ್ರಶ್ನೆ ಸೇರಿಸಿ ಕೇಳಿ: ‘ಸರಿ ಸರ್, ನಾಳೆ ಬರೋರಿಗೆ ಬಾಡಿಗೆಗೆ ಅಂತ ಎಷ್ಟು ಉಳಿಸಿಕೊಂಡಿರಿ?’

ಮುಂದಿನ ವಾರ ಮತ್ತೊಂದು ವಿಷಯದ ಜೊತೆ ಸಿಗೋಣ.